ಪರಿಧಮನಿಯ ಬಿಗಿತ ಮತ್ತು ಕ್ಯಾಲ್ಸಿಯಂ

ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ಪರಿಧಮನಿಗಳನ್ನು ಹಿಗ್ಗಿಸುವ ರಕ್ತದೊತ್ತಡದ ಔಷಧಿಗಳ ಚರಿತ್ರೆಯ ಒಂದು ಮುಖ್ಯ ಎಳೆ ಲಂಡನ್ನಿನ ನಲ್ಲಿ ನೀರಿನಿಂದ ಹೊರಡುತ್ತದೆ. ಕಪ್ಪೆಯ ಹೃದಯವನ್ನು ಉಪ್ಪಿನ ದ್ರಾವಣದಲ್ಲಿ ಮಿಡಿಯುವಂತೆ ಇರಿಸುತ್ತಿದ್ದ ವೈದ್ಯ ಸಿಡ್ನಿ ರಿಂಗರ್, 1882ರಲ್ಲಿ ಮೊದಲ ಫಲಿತಾಂಶಗಳನ್ನು ಪ್ರಕಟಿಸಿದ ಮೇಲೆ, ಆ ದ್ರಾವಣಕ್ಕೆ ಭಟ್ಟಿ ಇಳಿಸಿದ ನೀರಿನ ಬದಲು ನ್ಯೂ ರಿವರ್ ಕಂಪನಿ ಪೂರೈಸುತ್ತಿದ್ದ ನಲ್ಲಿ ನೀರು ಬಳಕೆಯಾಗಿತ್ತೆಂದು ಕಂಡುಕೊಂಡರು. ಶುದ್ಧ ನೀರಿನಲ್ಲಿ ಮಾಡಿದ ದ್ರಾವಣದಲ್ಲಿ ಮಿಡಿತ ಕುಂದಿ ನಿಂತುಹೋಗುತ್ತಿತ್ತು, ತುಸು ಕ್ಯಾಲ್ಸಿಯಂ ಲವಣ ಬೆರೆಸಿದರೆ ಮರಳುತ್ತಿತ್ತು. ಆ ಲೋಪವನ್ನು 1883ರಲ್ಲಿ ಬಹಿರಂಗವಾಗಿ ತಿದ್ದಿದ ಅವರ ಲೇಖನ ಶರೀರಕ್ರಿಯಾಶಾಸ್ತ್ರದ ಅತ್ಯಂತ ಫಲಪ್ರದ ಬರಹಗಳಲ್ಲೊಂದು. ಆದರೂ ಅದರ ತಿಳಿವು ಔಷಧಶಾಸ್ತ್ರಕ್ಕೆ ಒದಗಲು ಸುಮಾರು 80 ವರ್ಷ ಹಿಡಿಯಿತು.

ಈ ನಡುವೆ ಆಂಜೈನಾಕ್ಕೆ, ಅಂದರೆ ಹೃದಯಕ್ಕೆ ರಕ್ತ ಸಾಲದೆ ಬರುವ ಎದೆನೋವಿಗೆ, ಮದ್ದು ಹುಡುಕುತ್ತಿದ್ದ ಜರ್ಮನಿಯ ಕಂಪನಿಗಳು ಪ್ರೆನಿಲಮೈನ್ ಮತ್ತು ವೆರಾಪಮಿಲ್‌ಗಳನ್ನು ರೂಪಿಸಿದ್ದವು. ಇವು ಪರಿಧಮನಿಯನ್ನು ಹಿಗ್ಗಿಸುವುದರ ಜೊತೆಗೆ ಹೃದಯದ ಬಲವನ್ನೂ ಕುಗ್ಗಿಸುತ್ತಿದ್ದುದರ ಕಾರಣವನ್ನು ಫ್ರೈಬರ್ಗ್ ವಿಶ್ವವಿದ್ಯಾಲಯದ ಆಲ್ಬ್ರೆಕ್ಟ್ ಫ್ಲೆಕೆನ್‌ಸ್ಟೈನ್ 1964ರಲ್ಲಿ ತೋರಿಸಿಕೊಟ್ಟರು: ವಿದ್ಯುತ್ ಸಂಕೇತ ಬಹುಮಟ್ಟಿಗೆ ಮೊದಲಿನಂತೆಯೇ ಇದ್ದು ಸಂಕೋಚನ ಮಾತ್ರ ಕ್ಷೀಣಿಸುತ್ತಿತ್ತು, ಕ್ಯಾಲ್ಸಿಯಂ ಹೆಚ್ಚಿಸಿದರೆ ಚೇತರಿಸಿಕೊಳ್ಳುತ್ತಿತ್ತು. ಧಮನಿಯ ಗೋಡೆಯಲ್ಲಿರುವ, ಇಚ್ಛೆಗೆ ಒಳಪಡದ ನಯಸ್ನಾಯುವೂ ಕ್ಯಾಲ್ಸಿಯಂ ಒಳಬಂದಾಗಲೇ ಬಿಗಿಯುವುದರಿಂದ, ಜೀವಕೋಶದ ಪೊರೆಯಲ್ಲಿನ ಅದರ ದ್ವಾರಗಳನ್ನು ತಡೆದರೆ ಗೋಡೆ ಸಡಿಲಗೊಂಡು ನಾಳ ಅಗಲವಾಗುತ್ತದೆ. ದೇಹದ ಸಣ್ಣ ಧಮನಿಗಳೂ ಹೀಗೆ ಸಡಿಲಗೊಂಡಾಗ ರಕ್ತದೊತ್ತಡ ಇಳಿದು, ಹೃದಯದ ಹೊರೆಯೂ ತಗ್ಗುತ್ತದೆ.

ಕೊಬ್ಬು ಕಟ್ಟಿ ಗಡುಸಾದ ಭಾಗವನ್ನು ಇಂಥ ಔಷಧಿ ತೆರವುಗೊಳಿಸಲಾರದು. ಆದರೆ ಅಮೆರಿಕದ ಮೈರನ್ ಪ್ರಿಂಜ್‌ಮೆಟಲ್ 1959ರಲ್ಲಿ ವಿವರಿಸಿದ ಆಂಜೈನಾದಲ್ಲಿ, ರೋಗಿ ವಿಶ್ರಾಂತಿಯಲ್ಲಿದ್ದಾಗಲೇ ಪರಿಧಮನಿ ಸೆಟೆದು ನೋವು ಬರುವುದರಿಂದ, ಬಿಗಿತ ಸಡಿಲಿಸುವ ಮದ್ದು ನೇರವಾಗಿ ಫಲ ಕೊಡುತ್ತದೆ. ಬೇಯರ್ ಕಂಪನಿ 1975ರಲ್ಲಿ ಜರ್ಮನಿಯ ಮಾರುಕಟ್ಟೆಗೆ ತಂದ ನಿಫೆಡಿಪಿನ್, ಬೆಳಕಿಗೆ ಬೇಗ ಕೆಡುವುದರಿಂದ ಪ್ರಯೋಗಾಲಯದಲ್ಲಿ ಸೋಡಿಯಂ ದೀಪದ ಹಳದಿ ಬೆಳಕನ್ನು ಬೇಡುತ್ತಿದ್ದರೂ, ಈ ಕಾಯಿಲೆಯಲ್ಲಿ ಬಹಳ ನೆರವಾಯಿತು. ವಿಷಾದದ ಸಂಗತಿಯೆಂದರೆ, ಏರಿದ ರಕ್ತದೊತ್ತಡವನ್ನು ತಕ್ಷಣ ಇಳಿಸಲು ಅದರ ಕ್ಯಾಪ್ಸೂಲನ್ನು ಒಡೆದು ನಾಲಿಗೆಯಡಿ ಹಾಕುವ ಪದ್ಧತಿ ಆಸ್ಪತ್ರೆಗಳಲ್ಲಿ ಹಬ್ಬಿತು. ಒತ್ತಡ ದಿಢೀರನೆ ಕುಸಿದು, ಪ್ರತಿಕ್ರಿಯೆಯಾಗಿ ನಾಡಿಬಡಿತ ಏರಿ, ಪಾರ್ಶ್ವವಾಯು ಮತ್ತು ಹೃದಯಾಘಾತಗಳು ವರದಿಯಾದವು. 1990ರ ದಶಕದ ಮಧ್ಯದ ಹೊತ್ತಿಗೆ ತಜ್ಞರು ಆ ಪದ್ಧತಿಯನ್ನು ನಿಲ್ಲಿಸುವಂತೆ ಎಚ್ಚರಿಸಿದರು. ನಿಫೆಡಿಪಿನ್ ನಿಧಾನವಾಗಿ ಕರಗುವ ಮಾತ್ರೆಯ ರೂಪದಲ್ಲಿ ಉಳಿಯಿತು, ಮತ್ತು ದೇಹದಲ್ಲಿ ಅರ್ಧದಷ್ಟು ಕಡಿಮೆಯಾಗಲು 30ರಿಂದ 50 ಗಂಟೆ ತೆಗೆದುಕೊಳ್ಳುವ ಅಮ್ಲೋಡಿಪಿನ್, ದಿನಕ್ಕೊಂದು ಮಾತ್ರೆಯಾಗಿ ಬಳಕೆಗೆ ಬಂದಿತು.