ತಂತಿ ಕಡಿದರೆ ನಲ್ಲಿಯೂ ಒಣಗುತ್ತದೆ

ವಿಜಯವಾಡದ ಕನ್ನಡಿಗರು ಕುಡಿಯುವುದು ಆಲಮಟ್ಟಿ ದಾಟಿ ಬಂದ ಕೃಷ್ಣೆಯ ನೀರನ್ನೇ ಎಂದು ನಾವು ಹೆಮ್ಮೆಪಡುತ್ತೇವೆ. ಅಲ್ಲಿ 1855ರಲ್ಲಿ ಮುಗಿದ ಆಣೆಕಟ್ಟು 1952ರಲ್ಲಿ ಒಡೆಯಿತು. 1957ರಲ್ಲಿ ಪ್ರಕಾಶಂ ಬ್ಯಾರೇಜ್ ಸಿದ್ಧವಾಯಿತು.

ವಿಶಾಖಪಟ್ಟಣಕ್ಕೆ ಅಂಥ ನದಿಯಿಲ್ಲ. ಎದುರಿಗೆ ಸಮುದ್ರ, ಕುಡಿಯಲು ಮಾತ್ರ ದೂರದ ಏಲೇರು ಕಾಲುವೆ, ಸುತ್ತಲಿನ ಸಣ್ಣ ಜಲಾಶಯಗಳು! 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತಕ್ಕೆ ವಿದ್ಯುತ್ ಕಂಬಗಳು ಉರುಳಿದವು. ಪಂಪು ನಿಂತು ನಲ್ಲಿಯೂ ಒಣಗಿತು.

ಊರು ಸ್ಮಾರ್ಟ್ ಸಿಟಿಯ ಪಟ್ಟಿಗೆ ಸೇರಿದ ಮೇಲೆ, 2018ರಲ್ಲಿ, ಹಳೆಯ ಮುಡಸರ್ಲೋವ ಜಲಾಶಯದಲ್ಲಿ 2 ಮೆಗಾವಾಟಿನ ಸೌರಫಲಕಗಳನ್ನು ತೇಲಬಿಟ್ಟರು. ವಿದ್ಯುತ್ತೂ ಸಿಕ್ಕಿತು, ನೆರಳಿಗೆ ನೀರು ಆವಿಯಾಗುವುದೂ ತಗ್ಗಿತು. ಆದರೆ ಆ ವಿದ್ಯುತ್ತೂ ತಂತಿ ಹಿಡಿದೇ ಊರಿಗೆ ಬರಬೇಕಲ್ಲವೇ? ನಮಗೆ ಇದಕ್ಕಿಂತ ದೊಡ್ಡ ಕೆಲಸವಾಗಿ ಕಾಣುವುದು, ಹುದ್‌ಹುದ್ ನಂತರ ವಿಶ್ವಬ್ಯಾಂಕಿನ ಸಾಲ ತಂದು ತಂತಿಗಳನ್ನು ನೆಲದಡಿ ಹೂಳತೊಡಗಿದ್ದು.