ನೆರೆಮನೆಯ ಹಬ್ಬ: ನಾಲ್ಕನೇ ಶತಮಾನದ ಅಂತಿಯೋಕ್ಯದಲ್ಲಿ ಕ್ರೈಸ್ತರು ಮತ್ತು ಯೆಹೂದ್ಯರ ಪರ್ವದಿನಗಳು

ಕ್ರಿ.ಶ. 386ರಲ್ಲಿ ಸಿರಿಯಾದ ಅಂತಿಯೋಕ್ಯದ ಧರ್ಮಾಧ್ಯಕ್ಷ ಫ್ಲಾವಿಯನರು ಯೊವಾನ್ನರೆಂಬ ಧರ್ಮಸೇವಕರಿಗೆ ಯಾಜಕದೀಕ್ಷೆಯನ್ನು ನೀಡಿದರು. ಮುಂದೆ ಕ್ರಿಸೊಸ್ತೋಮ್, ಅಂದರೆ ‘ಹೊನ್ನಿನ ಬಾಯಿಯವರು’, ಎಂದು ಹೆಸರಾದ ಸಂತರು ಇವರೇ. ಅದೇ ವರ್ಷದ ಶರತ್ಕಾಲದ ಹೊತ್ತಿಗೆ ಅವರು ಅನೊಮಿಯನ್ ಪಂಥದ ವಿರುದ್ಧ ಪ್ರಬೋಧನೆಗಳ ಮಾಲೆಯೊಂದನ್ನು ಆರಂಭಿಸಿದ್ದರು. ದೇವರ ಸ್ವರೂಪವು ಮಾನವಬುದ್ಧಿಗೆ ಪೂರ್ಣವಾಗಿ ಎಟುಕುತ್ತದೆಂಬ ಆ ಪಂಥದ ವಾದವನ್ನು ಖಂಡಿಸುತ್ತಿದ್ದ ಅವರು ಆ ಮಾಲೆಯನ್ನು ನಡುವೆಯೇ ನಿಲ್ಲಿಸಿ ಬೇರೆ ವಿಷಯವನ್ನು ಕೈಗೆತ್ತಿಕೊಂಡರು. ಯೆಹೂದ್ಯರ ಕಹಳೆಗಳ ಹಬ್ಬ, ಉಪವಾಸದ ದಿನ ಮತ್ತು ಪರ್ಣಕುಟೀರಗಳ ಹಬ್ಬ ಸಮೀಪಿಸಿದ್ದವು. ತಮ್ಮ ಸಭೆಯವರೇ ಹಲವರು ಆ ಹಬ್ಬಗಳಿಗೆ ಹೋಗುವರೆಂಬುದು ಅವರಿಗೆ ತಿಳಿದಿತ್ತು.

ಹೀಗೆ ಆರಂಭವಾಗಿ ಮರುವರ್ಷದವರೆಗೂ ಮುಂದುವರಿದ ಎಂಟು ಪ್ರವಚನಗಳು ಸಾಂಪ್ರದಾಯಿಕವಾಗಿ ‘ಯೆಹೂದ್ಯರ ವಿರುದ್ಧ’ ಎಂಬ ಹೆಸರನ್ನು ಹೊತ್ತಿವೆ. ಆದರೆ ಅವುಗಳನ್ನು ಕುಳಿತು ಕೇಳಿದವರು ಯೆಹೂದ್ಯರಲ್ಲ, ಕ್ರೈಸ್ತರು. ಧರ್ಮಸಭೆಯು ಯೆಹೂದ್ಯ ಧರ್ಮದಿಂದ ಬೇರ್ಪಟ್ಟ ಬಗೆಯನ್ನು ನಮ್ಮ ಪಠ್ಯಗಳು ಸಾಮಾನ್ಯವಾಗಿ ಸಿದ್ಧಾಂತದ ಇತಿಹಾಸವಾಗಿ ಹೇಳುತ್ತವೆ. ಅಂತಿಯೋಕ್ಯದ ಪ್ರವಚನಗಳು ಅದೇ ಕಥೆಯನ್ನು ಮನೆ, ಮಾರುಕಟ್ಟೆ ಮತ್ತು ರೋಗಿಯ ಹಾಸಿಗೆಯ ಬದಿಯಿಂದ ಕಾಣಿಸುತ್ತವೆ. ಈ ಲೇಖನದಲ್ಲಿ ನಾವು ಆ ದಾರಿಯನ್ನು ಹಿಡಿಯುತ್ತೇವೆ.

1. ಜನರು ಮಾಡುತ್ತಿದ್ದುದೇನು?

ಮೊದಲನೆಯ ಪ್ರವಚನದಲ್ಲಿಯೇ ಯೊವಾನ್ನರು ಒಂದು ಘಟನೆಯನ್ನು ಹೇಳುತ್ತಾರೆ. ಅದು ನಡೆದು ಮೂರೇ ದಿನಗಳಾಗಿದ್ದವು. ಕ್ರೈಸ್ತನೆನಿಸಿಕೊಂಡ ಒಬ್ಬ ವ್ಯಕ್ತಿ ಸಂಭಾವಿತ ಕ್ರೈಸ್ತ ಮಹಿಳೆಯೊಬ್ಬಳನ್ನು ಯೆಹೂದ್ಯರ ಪ್ರಾರ್ಥನಾಮಂದಿರಕ್ಕೆ ಬಲವಂತವಾಗಿ ಕರೆದೊಯ್ಯುತ್ತಿದ್ದನು. ಅವರಿಬ್ಬರ ನಡುವೆ ವ್ಯಾಜ್ಯವೊಂದಿತ್ತು. ಆಕೆ ಅಲ್ಲಿ ಆಣೆ ಮಾಡಬೇಕೆಂಬುದು ಅವನ ಹಟ. ಯೊವಾನ್ನರು ತಡೆದು ಕಾರಣವನ್ನು ಕೇಳಿದಾಗ, ಅಲ್ಲಿ ಮಾಡಿದ ಆಣೆ ಹೆಚ್ಚು ಭಯಂಕರವೆಂದು ಹಲವರು ಹೇಳಿದ್ದಾರೆ ಎಂದು ಅವನು ಉತ್ತರಿಸಿದನು. ಅವನಿಗೆ ಆ ಮಂದಿರ ಪರಕೀಯ ಸ್ಥಳವಾಗಿರಲಿಲ್ಲ. ದೇವರು ಸಮೀಪದಲ್ಲಿದ್ದು ಆಲಿಸುವ ಸ್ಥಳವಾಗಿತ್ತು.

ಧರ್ಮಶಾಸ್ತ್ರ ಮತ್ತು ಪ್ರವಾದಿಗಳ ಗ್ರಂಥಗಳು ಅಲ್ಲಿರುವುದರಿಂದ ಆ ಸ್ಥಳ ಪವಿತ್ರವೆಂಬುದು ಅಂತಿಯೋಕ್ಯದ ವಿಶ್ವಾಸಿಗಳ ವಾದವಾಗಿತ್ತು. ಕಾಯಿಲೆ ಬಿದ್ದಾಗ ಕೆಲವರು ಯೆಹೂದ್ಯರಲ್ಲಿಗೆ ಹೋಗಿ ತಾಯಿತ, ಮಂತ್ರಗಳಿಂದ ಗುಣಪಡಿಸಿಕೊಳ್ಳಲು ಯತ್ನಿಸುತ್ತಿದ್ದರು. ಪಟ್ಟಣದ ಹೊರಗಿನ ದಾಫ್ನೆ ಎಂಬಲ್ಲಿ ‘ಮಾತ್ರೋನಾ’ ಎಂದು ಕರೆಯಲಾಗುತ್ತಿದ್ದ ಸ್ಥಳಕ್ಕೆ ಹೋಗಿ ರಾತ್ರಿ ಮಲಗುವವರೂ ಇದ್ದರು. ಹಬ್ಬದ ದಿನಗಳಲ್ಲಿ ಕೆಲವರು ನೋಡಲೆಂದು ಹೋದರೆ ಇನ್ನು ಕೆಲವರು ಆಚರಣೆಯಲ್ಲಿಯೇ ಪಾಲ್ಗೊಂಡು ಉಪವಾಸವನ್ನೂ ಮಾಡುತ್ತಿದ್ದರು. ಹೆಂಡತಿಯರನ್ನು ಅಲ್ಲಿಗೆ ಹೋಗಗೊಡಬೇಡಿರಿ ಎಂದು ಯೊವಾನ್ನರು ಗಂಡಂದಿರಿಗೆ ಮತ್ತೆ ಮತ್ತೆ ಎಚ್ಚರಿಸುತ್ತಾರೆ. ಕೊನೆಯ ಪ್ರವಚನದಲ್ಲಿ ಅವರ ಸಲಹೆ ಇನ್ನೊಂದು ಬಗೆಯದು: ಎಷ್ಟು ಜನ ಆ ಉಪವಾಸವನ್ನು ಆಚರಿಸಿದರೆಂದು ಊರೆಲ್ಲ ಹೇಳಿಕೊಂಡು ತಿರುಗಬೇಡಿರಿ. ಸಂಖ್ಯೆ ಅತ್ಯಲ್ಪವಾಗಿದ್ದರೆ ಇಂಥ ಮಾತಿಗೆ ಅವಕಾಶವಿರುತ್ತಿರಲಿಲ್ಲ.

2. ನಿಯಮಗಳು ನುಡಿಯುವ ಸಾಕ್ಷ್ಯ

ಇದು ಒಂದು ಪಟ್ಟಣಕ್ಕೆ ಸೀಮಿತವಾದ ಸಂಗತಿಯಾಗಿರಲಿಲ್ಲ. ನಡೆಯದಿರುವುದನ್ನು ಯಾವ ಸಭೆಯೂ ನಿಷೇಧಿಸುವುದಿಲ್ಲ. ಆದುದರಿಂದ ಪ್ರಾಚೀನ ಧರ್ಮಸಭೆಯ ನಿಯಮಗಳನ್ನು ನಾವು ಜನಜೀವನದ ದಾಖಲೆಗಳೆಂದೂ ಓದಬಹುದು. ಮೂರನೇ ಶತಮಾನದಲ್ಲಿಯೇ ಓರಿಜನರು ಯಾಜಕಕಾಂಡವನ್ನು ವಿವರಿಸುವಾಗ, ಯೆಹೂದ್ಯರ ದೋಷಪರಿಹಾರದ ದಿನದ ಉಪವಾಸವನ್ನು ತಾವೂ ಪಾಲಿಸಬೇಕೆಂದು ಭಾವಿಸಿದ ಕ್ರೈಸ್ತರನ್ನು ಆಕ್ಷೇಪಿಸುತ್ತಾರೆ. ಸ್ಪೇನಿನ ಎಲ್ವಿರಾ ಸಭೆಯ ಹೆಸರಿನಲ್ಲಿ ಉಳಿದುಬಂದಿರುವ 49ನೇ ನಿಯಮವು, ಕ್ರೈಸ್ತ ಜಮೀನುದಾರರು ತಮ್ಮ ಬೆಳೆಗಳಿಗೆ ಯೆಹೂದ್ಯರಿಂದ ಆಶೀರ್ವಾದ ಮಾಡಿಸಬಾರದೆಂದು ವಿಧಿಸುತ್ತದೆ. ಸಿರಿಯಾದಲ್ಲಿ ನಾಲ್ಕನೇ ಶತಮಾನದ ಕೊನೆಯ ಭಾಗದಲ್ಲಿ ಸಂಕಲಿತವಾದ ‘ಪ್ರೇಷಿತರ ನಿಯಮಗಳು’, ಯೆಹೂದ್ಯರ ಪ್ರಾರ್ಥನಾಮಂದಿರಕ್ಕೆ ಎಣ್ಣೆಯನ್ನು ಒಯ್ಯುವ ಮತ್ತು ಅವರ ಹಬ್ಬಗಳಲ್ಲಿ ದೀಪ ಹಚ್ಚುವ ಕ್ರೈಸ್ತರನ್ನು ದಂಡನೆಗೆ ಗುರಿಪಡಿಸುತ್ತವೆ.

ಇವೆಲ್ಲಕ್ಕಿಂತ ಹೆಚ್ಚು ಪ್ರಸಿದ್ಧವಾದವು ಅದೇ ಶತಮಾನದ ಲವೊದಿಕೀಯ ಸಭೆಯ ನಿಯಮಗಳು. ಅದರ 29ನೇ ನಿಯಮದ ಪ್ರಕಾರ ಕ್ರೈಸ್ತರು ಸಬ್ಬತ್ ದಿನ ಕೆಲಸವನ್ನು ಬಿಡದೆ ಪ್ರಭುವಿನ ದಿನವನ್ನು ಗೌರವಿಸಬೇಕು. 37ನೆಯದು ಯೆಹೂದ್ಯರು ಹಬ್ಬಕ್ಕೆ ಕಳಿಸುವ ಉಡುಗೊರೆಗಳನ್ನು ಸ್ವೀಕರಿಸುವುದನ್ನು ತಡೆದರೆ, 38ನೆಯದು ಅವರು ನೀಡುವ ಹುಳಿಯಿಲ್ಲದ ರೊಟ್ಟಿಯನ್ನು ತೆಗೆದುಕೊಳ್ಳಬಾರದೆನ್ನುತ್ತದೆ. ಈ ಕೊನೆಯ ಎರಡು ನಿಯಮಗಳನ್ನು ಓದುವಾಗ ನಮ್ಮ ಕಣ್ಣಮುಂದೆ ಬರುವುದು ಒಂದು ಬೀದಿ. ಪಾಸ್ಕಹಬ್ಬದ ದಿನ ಒಂದು ಮನೆಯಿಂದ ಇನ್ನೊಂದು ಮನೆಗೆ ರೊಟ್ಟಿಯ ತಟ್ಟೆ ಹೋಗುತ್ತದೆ. ಪಡೆದವರು ಅದನ್ನು ಸಿದ್ಧಾಂತದ ಪ್ರಶ್ನೆಯೆಂದು ಎಣಿಸಿರಲಾರರು. ನೆರೆಯವರ ಪ್ರೀತಿಯೆಂದು ಎಣಿಸಿದ್ದಿರಬೇಕು. ಹಬ್ಬದ ಎಡೆಯನ್ನು ಅಕ್ಕಪಕ್ಕದ ಮನೆಗೆ ಕಳಿಸುವ ನಾಡಿನಲ್ಲಿ ಬೆಳೆದ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

3. ಒಂದೇ ಬೇರಿನ ಪಂಚಾಂಗ

ಜನರ ಈ ನಡೆಗೆ ಅಜ್ಞಾನವೊಂದೇ ಕಾರಣವೆನ್ನಲಾಗದು. ಅವರು ಪ್ರತಿವಾರ ಕೇಳುತ್ತಿದ್ದ ಪವಿತ್ರಗ್ರಂಥವೇ ಆ ಹಬ್ಬಗಳನ್ನು ಅವರಿಗೆ ಪರಿಚಯಿಸಿತ್ತು. ಪೌಲರು ಫಿಲಿಪ್ಪಿಯಿಂದ ಹಡಗು ಹತ್ತಿದ್ದು ಹುಳಿಯಿಲ್ಲದ ರೊಟ್ಟಿಯ ದಿನಗಳ ನಂತರ, ಪಂಚಾಶತ್ತಮ ಹಬ್ಬಕ್ಕೆ ಜೆರುಸಲೇಮಿನಲ್ಲಿರಬೇಕೆಂದು ಅವರು ಅವಸರಪಟ್ಟರು (ಪ್ರೇ.ಕಾ. 20:6, 16). ಕ್ರೇಟದ ಬಳಿ ಸಮುದ್ರಯಾನ ಅಪಾಯಕರವಾದುದನ್ನು ಲೂಕರು ‘ಉಪವಾಸದ ದಿನ ಆಗಲೇ ಕಳೆದಿತ್ತು’ ಎಂಬ ಲೆಕ್ಕದಿಂದ ತಿಳಿಸುತ್ತಾರೆ (27:9). ಕ್ರಿಸ್ತನೇ ನಮ್ಮ ಪಾಸ್ಕದ ಕುರಿಮರಿಯೆಂದು ಪೌಲರು ಕೊರಿಂಥದವರಿಗೆ ಬರೆದಾಗ (1 ಕೊರಿಂಥ 5:7-8), ಓದುಗರಿಗೆ ಹಬ್ಬದ ಪರಿಚಯವಿದೆಯೆಂಬ ಭರವಸೆಯಿಂದಲೇ ಬರೆದರು.

ದಿನಚರಿಯಲ್ಲಿಯೂ ಹೀಗೆಯೇ. ‘ದಿದಾಕೆ’ ಎಂಬ ಪ್ರಾಚೀನ ಕೈಪಿಡಿ ಸೋಮವಾರ, ಗುರುವಾರಗಳನ್ನು ಬಿಟ್ಟು ಬುಧವಾರ, ಶುಕ್ರವಾರಗಳಂದು ಉಪವಾಸ ಮಾಡಿರೆಂದು ಹೇಳುತ್ತದೆ. ವಾರಗಳು ಬೇರೆಯಾದವು, ವಾರಕ್ಕೆರಡು ದಿನಗಳ ಉಪವಾಸದ ಕ್ರಮ ಉಳಿಯಿತು. ಏಷ್ಯಾ ಪ್ರಾಂತದ ಸಭೆಗಳು ಯೆಹೂದ್ಯ ಪಂಚಾಂಗದ ನಿಸಾನ್ ಮಾಸದ 14ನೇ ದಿನದಂದೇ ಪಾಸ್ಕವನ್ನು ಆಚರಿಸುತ್ತಿದ್ದವು. ಸ್ಮಿರ್ನಾದ ಪೊಲಿಕಾರ್ಪರೂ ರೋಮಿನ ಅನಿಸೆತುಸರೂ ಎರಡನೇ ಶತಮಾನದ ಮಧ್ಯದಲ್ಲಿ ಈ ಬಗ್ಗೆ ಒಮ್ಮತಕ್ಕೆ ಬರಲಾಗದಿದ್ದರೂ ಪರಸ್ಪರ ಸಹಭಾಗಿತ್ವವನ್ನು ಕಡಿದುಕೊಳ್ಳಲಿಲ್ಲ. ಆ ಶತಮಾನದ ಕೊನೆಯಲ್ಲಿ ಪೋಪ್ ವಿಕ್ಟರರು ಏಷ್ಯಾದ ಸಭೆಗಳನ್ನು ಹೊರಹಾಕಲು ಮುಂದಾದಾಗ ಐರೇನಿಯರು ಇದೇ ಪೂರ್ವನಿದರ್ಶನವನ್ನು ನೆನಪಿಸಿದರು.

325ರ ನೈಸಿಯಾ ಮಹಾಸಭೆ ಎಲ್ಲ ಸಭೆಗಳಿಗೂ ಒಂದೇ ದಿನದ ಪಾಸ್ಕವನ್ನು ಬಯಸಿತು. ಆ ಏಕತೆಯ ಬಯಕೆ ಯುಕ್ತವೇ ಆಗಿತ್ತು. ಆದರೆ ಆ ತೀರ್ಮಾನವನ್ನು ಪ್ರಚುರಪಡಿಸಿದ ಚಕ್ರವರ್ತಿ ಕಾನ್‌ಸ್ಟಂಟೈನನ ಪತ್ರದಲ್ಲಿ ಯೆಹೂದ್ಯರ ಬಗೆಗೆ ತಿರಸ್ಕಾರದ ಮಾತುಗಳು ಸೇರಿದವು. ಸಿರಿಯಾದ ಕೆಲವರು ಹಳೆಯ ಲೆಕ್ಕವನ್ನೇ ಹಿಡಿದು ಮುಂದುವರಿದರು. 387ರ ಆರಂಭದಲ್ಲಿ ಯೊವಾನ್ನರು ತಮ್ಮ ಮೂರನೆಯ ಪ್ರವಚನವನ್ನು ಮಾಡಿದ್ದು ಇವರನ್ನು ಉದ್ದೇಶಿಸಿಯೇ. ಕ್ರಿಸ್ತನೂ ಯೆಹೂದ್ಯರೊಡನೆ ಪಾಸ್ಕವನ್ನು ಆಚರಿಸಿದನಲ್ಲವೇ ಎಂಬುದು ಅಲ್ಲಿ ಬರುವ ಆಕ್ಷೇಪ. ಯೊವಾನ್ನರ ಉತ್ತರದಲ್ಲಿ ಒಂದು ಮಾತು ಇಂದಿಗೂ ಬೆಲೆಯುಳ್ಳದ್ದು: ಧರ್ಮಸಭೆ ದಿನದ ಲೆಕ್ಕದಲ್ಲಿ ತಪ್ಪಿದ್ದರೂ ಆ ತಪ್ಪಿಗಿಂತ ಸಭೆಯನ್ನು ಒಡೆಯುವುದು ದೊಡ್ಡ ದೋಷ. ದಿನಕ್ಕಿಂತ ಐಕ್ಯ ಮೇಲು.

4. ತಿರಸ್ಕಾರದ ಬೆಲೆ

ಯೊವಾನ್ನರ ಪಾಲನಾಕಾಳಜಿ ನಿಜವಾದುದು. ತಾಯಿತ ಕಟ್ಟಿಸಿಕೊಳ್ಳುವ ವಿಶ್ವಾಸಿಯನ್ನು ಕಂಡು ಸುಮ್ಮನಿರುವುದು ಕುರುಬನ ಲಕ್ಷಣವಲ್ಲ. ಒಬ್ಬೊಬ್ಬರೂ ದಾರಿತಪ್ಪಿದ ಸಹೋದರನನ್ನು ಹುಡುಕಿ ಕರೆತನ್ನಿರಿ ಎಂದು ಅವರು ಬೇಡುವಲ್ಲಿ ಆ ಹೃದಯ ಕಾಣುತ್ತದೆ. ಆದರೆ ತಮ್ಮವರನ್ನು ತಡೆಯಲು ಅವರು ಆರಿಸಿಕೊಂಡ ಉಪಾಯವೆಂದರೆ ನೆರೆಯವರನ್ನು ಹೇಯವಾಗಿ ಚಿತ್ರಿಸುವುದು. ಪ್ರಾರ್ಥನಾಮಂದಿರವನ್ನು ಅವರು ನಾಟಕಶಾಲೆಗೂ ಕಳ್ಳರ ಗುಹೆಗೂ ಹೋಲಿಸಿದರು. ಅದು ದೆವ್ವಗಳ ನೆಲೆಯೆಂದರು. ಎದುರಾಳಿಯನ್ನು ಅತಿಶಯೋಕ್ತಿಯಿಂದ ಹಳಿಯುವುದು ಆ ಕಾಲದ ಗ್ರೀಕ್ ವಾಗ್ಮಿತೆಯಲ್ಲಿ ಒಪ್ಪಿತ ಪದ್ಧತಿಯಾಗಿತ್ತೆಂದು ರಾಬರ್ಟ್ ವಿಲ್ಕೆನ್ 1983ರ ತಮ್ಮ ಗ್ರಂಥದಲ್ಲಿ ತೋರಿಸಿದ್ದಾರೆ. ಈ ವಿವರಣೆ ನಮಗೆ ಆ ಪ್ರವಚನಗಳನ್ನು ಅರ್ಥಮಾಡಿಸುತ್ತದೆ, ಅವುಗಳನ್ನು ಸಮರ್ಥಿಸುವುದಿಲ್ಲ. ವಾಗ್ಮಿತೆಯ ಪದ್ಧತಿ ಕಾಲದೊಂದಿಗೆ ಮರೆಯಾಯಿತು, ಮಾತುಗಳು ಉಳಿದವು.

ಅದೇ ಕಾಲದ ವಾತಾವರಣವನ್ನು ಇನ್ನೊಂದು ಘಟನೆ ತೋರಿಸುತ್ತದೆ. 388ರಲ್ಲಿ ಯೂಫ್ರಟಿಸ್ ದಂಡೆಯ ಕಲ್ಲಿನಿಕುಮ್ ಪಟ್ಟಣದಲ್ಲಿ ಕ್ರೈಸ್ತರು ಯೆಹೂದ್ಯರ ಪ್ರಾರ್ಥನಾಮಂದಿರವನ್ನು ಸುಟ್ಟರು. ಅದನ್ನು ಅಲ್ಲಿನ ಧರ್ಮಾಧ್ಯಕ್ಷರೇ ಮತ್ತೆ ಕಟ್ಟಿಸಿಕೊಡಬೇಕೆಂದು ಚಕ್ರವರ್ತಿ ಥಿಯೋಡೋಸಿಯಸ್ ಆಜ್ಞಾಪಿಸಿದಾಗ ಅದನ್ನು ವಿರೋಧಿಸಿ ತಡೆದವರು ಮಿಲಾನಿನ ಸಂತ ಅಂಬ್ರೋಸರು. ನಾಡಿನ ಕಾನೂನು ನೆರೆಯವರ ಪರವಾಗಿ ನಿಂತಾಗ ಧರ್ಮಸಭೆಯ ಆಚಾರ್ಯರೊಬ್ಬರು ಎದುರು ನಿಂತರೆಂಬುದನ್ನು ಗುರುಅಭ್ಯರ್ಥಿಗಳು ತಿಳಿದಿರಬೇಕು.

ತಿರಸ್ಕಾರದ ಭಾಷೆ ಆರಾಧನೆಯೊಳಗೂ ನೆಲೆಸಿತು. ಶುಭಶುಕ್ರವಾರದ ಪ್ರಾರ್ಥನೆಯಲ್ಲಿ ಯೆಹೂದ್ಯರಿಗೆ ಸೇರಿಸಿದ್ದ ‘ಪೆರ್ಫಿದಿಸ್’ ಎಂಬ ವಿಶೇಷಣವನ್ನು ಪೋಪ್ 23ನೇ ಯೊವಾನ್ನರು 1959ರಲ್ಲಿ ತೆಗೆಸಿದರು. ಮರುವರ್ಷ ಫ್ರೆಂಚ್ ಯೆಹೂದ್ಯ ಇತಿಹಾಸಕಾರ ಜೂಲ್ಸ್ ಐಸಾಕ್ ಅವರನ್ನು ಭೇಟಿಯಾಗಿ ಕ್ರೈಸ್ತ ಬೋಧನೆಯಲ್ಲಿನ ತಿರಸ್ಕಾರವನ್ನು ಕುರಿತು ನಿವೇದಿಸಿಕೊಂಡರು. 1965ರ ಅಕ್ಟೋಬರ್ 28ರಂದು ಎರಡನೇ ವ್ಯಾಟಿಕನ್ ಮಹಾಸಭೆಯ ‘ನೋಸ್ತ್ರಾ ಎತಾತೆ’ ಘೋಷಣೆ ಪ್ರಕಟವಾಯಿತು. ಕ್ರಿಸ್ತನ ಯಾತನೆಯ ಹೊಣೆಯನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ ಇಂದಿನವರ ಮೇಲಾಗಲಿ ಹೊರಿಸಲಾಗದೆಂದು ಅದರ 4ನೇ ಪರಿಚ್ಛೇದ ಬೋಧಿಸುತ್ತದೆ. ಇದರ ಬೀಜ ಹಿಂದೆಯೇ ಇತ್ತು: ಕ್ರಿಸ್ತನನ್ನು ಶಿಲುಬೆಗೇರಿಸಿದ ದೋಷ ಪಾಪಿಗಳಾದ ನಮ್ಮಲ್ಲಿಯೇ ಹೆಚ್ಚು ಘೋರವೆಂದು 1566ರ ರೋಮನ್ ಧರ್ಮೋಪದೇಶ ಗ್ರಂಥ ಹೇಳಿತ್ತು.

5. ಆರಾಧನೆ ಮರೆಯದೆ ಉಳಿಸಿಕೊಂಡದ್ದು

ಪ್ರವಚನಕಾರರು ಬೇರನ್ನು ಮುಚ್ಚಿದಾಗಲೂ ಪೂಜಾವಿಧಿ ಅದನ್ನು ಕಾಪಾಡಿಕೊಂಡು ಬಂದಿತು. ಹಿಂದಿನ ರೋಮನ್ ಪೂಜಾಗ್ರಂಥದಲ್ಲಿ ಸೆಪ್ಟೆಂಬರ್ ತಿಂಗಳ ಉಪವಾಸದ ಶನಿವಾರದಂದು ಯಾಜಕಕಾಂಡದ 23ನೇ ಅಧ್ಯಾಯದಿಂದ ಎರಡು ವಾಚನಗಳಿದ್ದವು: ಒಂದು ದೋಷಪರಿಹಾರದ ದಿನವನ್ನು, ಇನ್ನೊಂದು ಪರ್ಣಕುಟೀರಗಳ ಹಬ್ಬವನ್ನು ಕುರಿತದ್ದು. ಯೊವಾನ್ನರು ಜನರನ್ನು ತಡೆಯಲೆತ್ನಿಸಿದ ಅದೇ ಹಬ್ಬಗಳು ಅದೇ ಋತುವಿನಲ್ಲಿ ಲತೀನ್ ಸಭೆಯ ಬಲಿಪೀಠದ ಬಳಿ ಓದಲ್ಪಡುತ್ತಿದ್ದವು. ಇಂದಿಗೂ ಪವಿತ್ರ ಗುರುವಾರದ ಮೊದಲ ವಾಚನ ವಿಮೋಚನಾಕಾಂಡದ 12ನೇ ಅಧ್ಯಾಯದ ಪಾಸ್ಕದ ವಿಧಿ. ಪಾಸ್ಕ ಜಾಗರಣೆಯಲ್ಲಿ ಬೇರೆ ವಾಚನಗಳನ್ನು ಕಡಿಮೆ ಮಾಡಿದರೂ ಕೆಂಪು ಸಮುದ್ರವನ್ನು ದಾಟಿದ 14ನೇ ಅಧ್ಯಾಯವನ್ನು ಬಿಡುವಂತಿಲ್ಲ.

ಮನೆಗಳೂ ಇದನ್ನು ಉಳಿಸಿಕೊಂಡಿವೆ. ಕೇರಳದ ಸಂತ ತೋಮರ ಕ್ರೈಸ್ತರು ಪವಿತ್ರ ಗುರುವಾರದ ರಾತ್ರಿ ಹುಳಿ ಬರಿಸದ ಪೆಸಹಾ ಅಪ್ಪವನ್ನು ಮಾಡುತ್ತಾರೆ. ಅದರ ಮೇಲೆ ಗರಿಗಳ ಭಾನುವಾರದ ಗರಿಯಿಂದ ಶಿಲುಬೆಯನ್ನಿಡುತ್ತಾರೆ. ಪ್ರಾರ್ಥನೆಯ ನಂತರ ಮನೆಯ ಯಜಮಾನರು ಮುರಿದು ಎಲ್ಲರಿಗೂ ಹಂಚುತ್ತಾರೆ. ಪೆಸಹಾ ಎಂಬ ಹೆಸರೇ ಹೀಬ್ರೂ ‘ಪೆಸಾಹ್’ ಪದದ ಸಂಬಂಧಿ. ಆ ಜನರು ವಲಸೆ ಬಂದು ನೆಲೆಸಿರುವ ಕರ್ನಾಟಕದ ಊರುಗಳಲ್ಲಿ, 1999ರಲ್ಲಿ ಸ್ಥಾಪಿತವಾದ ಬೆಳ್ತಂಗಡಿ ಧರ್ಮಪ್ರಾಂತದಂಥ ಕಡೆಗಳಲ್ಲಿ, ಈ ಸಂಪ್ರದಾಯ ನಮ್ಮ ನೆರೆಯಲ್ಲಿಯೇ ಇದೆ.

ಇಷ್ಟರಿಂದ ಯಾಜಕರಿಗೆ ಮೂರು ಕರ್ತವ್ಯಗಳು ಹುಟ್ಟುತ್ತವೆ. ಮೊದಲನೆಯದಾಗಿ, ಶುಭಶುಕ್ರವಾರ ಯೊವಾನ್ನನ ಶುಭಸಂದೇಶದ ಯಾತನೆಯ ವೃತ್ತಾಂತವನ್ನು ಓದಿದಾಗ ಅಲ್ಲಿ ಬರುವ ‘ಯೆಹೂದ್ಯರು’ ಎಂಬ ಪದವನ್ನು ವಿವರಿಸದೆ ಬಿಡಬಾರದು. ಯೇಸುಸ್ವಾಮಿ, ಮಾತೆ ಮರಿಯಮ್ಮನವರು, ಶಿಲುಬೆಯ ಕೆಳಗೆ ನಿಂತ ಶಿಷ್ಯ ಎಲ್ಲರೂ ಯೆಹೂದ್ಯರೇ ಎಂಬುದನ್ನು ಸಭೆ ಕೇಳಬೇಕು. ಎರಡನೆಯದಾಗಿ, ತಿರಸ್ಕಾರವನ್ನು ಬಿಡುವ ಉತ್ಸಾಹದಲ್ಲಿ ಇನ್ನೊಬ್ಬರ ಆಚರಣೆಯನ್ನು ನಮ್ಮದಾಗಿಸಿಕೊಳ್ಳಬಾರದು. ಧರ್ಮಕೇಂದ್ರಗಳಲ್ಲಿ ಯೆಹೂದ್ಯರ ‘ಸೆದೆರ್’ ಭೋಜನವನ್ನು ಅನುಕರಿಸುವವರು, ಅದರ ಈಗಿನ ಕ್ರಮವು ಕ್ರಿ.ಶ. 70ರಲ್ಲಿ ದೇವಾಲಯ ನಾಶವಾದ ನಂತರ ರೂಪುಗೊಂಡದ್ದೆಂದು ನೆನಪಿಡಬೇಕು. ಅದು ಇಂದು ಜೀವಂತವಾಗಿರುವ ಒಂದು ಜನಾಂಗದ ಪ್ರಾರ್ಥನೆ, ನಮ್ಮ ನಾಟಕಕ್ಕೆ ವಸ್ತುವಲ್ಲ. ಮೂರನೆಯದಾಗಿ, ನಮ್ಮ ಹಬ್ಬಗಳ ಬೇರನ್ನು ವಿಶ್ವಾಸಿಗಳಿಗೆ ಸರಳವಾಗಿ ಕಲಿಸಬೇಕು.

ಅಂತಿಯೋಕ್ಯದ ವಿಶ್ವಾಸಿಗಳು ನೆರೆಮನೆಗೆ ಹೋದದ್ದು ದೇವರ ಭಯ, ಪಾಪದ ಪರಿಹಾರ, ರೋಗದ ಉಪಶಮನಗಳನ್ನು ಅರಸಿ. ಇವೆಲ್ಲವೂ ತಮ್ಮ ದೀಕ್ಷಾಸ್ನಾನದಲ್ಲಿ, ಪರಮಪ್ರಸಾದದಲ್ಲಿ, ಪಾಸ್ಕದಲ್ಲಿ ಇವೆಯೆಂಬುದನ್ನು ಅವರಿಗೆ ಮನಗಾಣಿಸುವುದು ಬೋಧಕರ ಕೆಲಸವಾಗಿತ್ತು. ಅದಕ್ಕೆ ನೆರೆಯವರನ್ನು ಹಳಿಯಬೇಕಾಗಿರಲಿಲ್ಲ. ಬೇರನ್ನು ನೀನು ಹೊತ್ತಿಲ್ಲ, ಬೇರೇ ನಿನ್ನನ್ನು ಹೊತ್ತಿದೆ ಎಂದು ಪೌಲರು ರೋಮಿನ ಕ್ರೈಸ್ತರನ್ನು ಎಚ್ಚರಿಸಿದ್ದು (ರೋಮ 11:18) ಅದಕ್ಕಿಂತ ಮೂರು ಶತಮಾನಗಳಿಗೂ ಹಿಂದೆ. ಆ ಎಚ್ಚರಿಕೆಯನ್ನು ಪವಿತ್ರ ವಾರದ ನಮ್ಮ ಪ್ರತಿಯೊಂದು ಪ್ರಬೋಧನೆಯೂ ಪಾಲಿಸಬೇಕಾಗಿದೆ.