ಸಿಸ್ಟಿಕ್ ಫೈಬ್ರೋಸಿಸ್ ರೋಗಿಗಳಲ್ಲಿ ಪ್ರತಿಜೈವಿಕಗಳ ಚಲನೆ: ಇತಿಹಾಸ

ಸಿಸ್ಟಿಕ್ ಫೈಬ್ರೋಸಿಸ್ ತಂದೆತಾಯಿ ಇಬ್ಬರಿಂದಲೂ ಬರುವ ಆನುವಂಶಿಕ ಕಾಯಿಲೆ. ಜೀವಕೋಶಗಳಲ್ಲಿ ಉಪ್ಪು, ನೀರಿನ ಸಂಚಾರ ಕೆಟ್ಟು ಶ್ವಾಸಕೋಶದ ಕಫ ಗಟ್ಟಿಯಾಗುತ್ತದೆ. ಅಲ್ಲಿ ಸ್ಯೂಡೊಮೊನಾಸ್‌ನಂಥ ಬ್ಯಾಕ್ಟೀರಿಯಾ ನೆಲೆಯೂರುತ್ತವೆ. ಹಾಗಾಗಿ ರೋಗಿಗೆ ಎಳವೆಯಿಂದಲೇ ಪ್ರತಿಜೈವಿಕ ಬೇಕು. ಆದರೆ ಈ ಔಷಧಿಗಳಲ್ಲಿ ಹಲವು ಅವರ ದೇಹದಿಂದ ಬೇಗ ಹೊರಟುಹೋಗುತ್ತವೆ.

ನ್ಯೂಯಾರ್ಕಿನ ಡೊರೊಥಿ ಆಂಡರ್ಸನ್ 1938ರಲ್ಲಿ ಈ ರೋಗವನ್ನು ಮೇದೋಜೀರಕ ಗ್ರಂಥಿಯ ಪ್ರತ್ಯೇಕ ಕಾಯಿಲೆಯೆಂದು ವಿವರಿಸಿದರು. 1946ರಲ್ಲಿ ಅವರೂ ಪಾಲ್ ಡಿ ಸಾಂಟ್ ಆಗ್ನೀಸ್ ಅವರೂ ಪೆನಿಸಿಲಿನ್ ಅನ್ನು ಉಸಿರಿನ ಮೂಲಕ ಕೊಟ್ಟ ಅನುಭವವನ್ನು ಪ್ರಕಟಿಸಿದರು. 1948ರಲ್ಲಿ ನ್ಯೂಯಾರ್ಕಿನ ಬಿಸಿಲಿನ ಝಳದಲ್ಲಿ ಈ ರೋಗವಿರುವ ಮಕ್ಕಳು ಹೆಚ್ಚಾಗಿ ಕುಸಿದದ್ದರ ಜಾಡು ಹಿಡಿದ ಡಿ ಸಾಂಟ್ ಆಗ್ನೀಸ್, 1953ರಲ್ಲಿ ಅವರ ಬೆವರಿನಲ್ಲಿ ಉಪ್ಪು ವಿಪರೀತವೆಂದು ತೋರಿಸಿದರು. ಹಿರಿಯೂರು, ಹೊಸದುರ್ಗದಂಥ ಒಣ ಸೀಮೆಯ ಬೇಸಿಗೆಯಲ್ಲಿ ಇಂಥ ಮಗು ಉಪ್ಪು ಕಳೆದುಕೊಂಡು ಕುಸಿಯುವ ಅಪಾಯ ಇಂದಿಗೂ ಇದೆ.

ಔಷಧದ ಲೆಕ್ಕ ತಪ್ಪುತ್ತಿದೆಯೆಂಬುದು 1970ರ ದಶಕದಲ್ಲಿ ಸ್ಪಷ್ಟವಾಯಿತು. 1975ರಲ್ಲಿ ವಿಲಿಯಂ ಜಸ್ಕೊ ಮತ್ತು ಸಂಗಡಿಗರು, ಡೈಕ್ಲಾಕ್ಸಾಸಿಲಿನ್ ಎಂಬ ಪ್ರತಿಜೈವಿಕ ಈ ರೋಗಿಗಳ ಮೂತ್ರಪಿಂಡದಿಂದ ಹೆಚ್ಚು ವೇಗವಾಗಿ ಹೊರಹೋಗುತ್ತದೆಂದು ವರದಿ ಮಾಡಿದರು. ಜೆಂಟಾಮೈಸಿನ್, ಟೋಬ್ರಾಮೈಸಿನ್ ವಿಷಯದಲ್ಲೂ ಇದೇ ಕಂಡಿತು: ವಾಡಿಕೆಯ ಡೋಸ್ ಕೊಟ್ಟರೆ ರಕ್ತದಲ್ಲಿ ಸಾಕಷ್ಟು ಮಟ್ಟ ಮುಟ್ಟುತ್ತಿರಲಿಲ್ಲ.

ಕಾರಣದ ಬಗ್ಗೆ ದೀರ್ಘ ಚರ್ಚೆ ನಡೆಯಿತು. ಮೂತ್ರಪಿಂಡದ ನಾಳಗಳು ಔಷಧವನ್ನು ಹೆಚ್ಚು ಸ್ರವಿಸುತ್ತವೆ ಎಂದರು ಕೆಲವರು. ಯಕೃತ್ತಿನ ಕೆಲವು ಕಿಣ್ವಗಳು ಚುರುಕೆಂದರು ಇನ್ನು ಕೆಲವರು. ದೇಹದ ರಚನೆಯ ವಾದವೇ ನನಗೆ ಹೆಚ್ಚು ಗಟ್ಟಿಯೆನಿಸುತ್ತದೆ. ಟೋಬ್ರಾಮೈಸಿನ್ ಕೊಬ್ಬಿಗೆ ಹೋಗುವುದಿಲ್ಲ, ಜೀವಕೋಶಗಳ ಹೊರಗಿನ ನೀರಿನಲ್ಲಿ ಹರಡುತ್ತದೆ. ಬಡಕಲು ಮಗುವಿನ ಪ್ರತಿ ಕಿಲೋ ತೂಕದಲ್ಲಿ ಕೊಬ್ಬು ಕಡಿಮೆ, ನೀರು ಹೆಚ್ಚು. ಆದ್ದರಿಂದ ಔಷಧ ತೆಳುವಾಗುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ಪೋಷಣೆ ಸುಧಾರಿಸಿದ ಮೇಲೆ, ಕೊಬ್ಬು ಬಿಟ್ಟ ತೂಕದ ಲೆಕ್ಕದಲ್ಲಿ ಹಲವು ಔಷಧಿಗಳ ವ್ಯತ್ಯಾಸ ಬಹಳ ಕಿರಿದಾಯಿತು. ತಡವಾಗಿ ಪತ್ತೆಯಾಗಿ, ಸೊರಗಿ ಆಸ್ಪತ್ರೆಗೆ ಬರುವ ನಮ್ಮ ಮಕ್ಕಳಿಗೆ ಹಳೆಯ ಅಂಕಿಗಳೇ ಹತ್ತಿರವಿರಬೇಕು.

ಇತರರಿಗೆ ಕಿಲೋಗೆ ದಿನಕ್ಕೆ 5ರಿಂದ 7 ಮಿಲಿಗ್ರಾಂ ಸಾಕಾಗುವ ಟೋಬ್ರಾಮೈಸಿನ್ ಈ ರೋಗಿಗಳಿಗೆ ಸುಮಾರು 10 ಮಿಲಿಗ್ರಾಂ ಬೇಕು. ಆದರೆ ಮತ್ತೆ ಮತ್ತೆ ಕೊಟ್ಟರೆ ಕಿವಿ, ಮೂತ್ರಪಿಂಡ ಹಾಳಾಗಬಹುದು. ರಕ್ತದ ಮಟ್ಟ ಅಳೆಯದೆ ಕೊಡುವುದು ಸಲ್ಲದು. ದಿನಕ್ಕೆ ಮೂರು ಬಾರಿ ಕೊಟ್ಟಷ್ಟೇ ಗುಣ ಒಂದೇ ಬಾರಿ ಕೊಟ್ಟರೂ ಸಿಗುತ್ತದೆಂದು 2005ರಲ್ಲಿ ಬ್ರಿಟನ್ನಿನ ಒಂದು ಪ್ರಯೋಗ ತೋರಿಸಿತು. ಮಕ್ಕಳ ಮೂತ್ರಪಿಂಡಕ್ಕೂ ಅದರಿಂದ ಪೆಟ್ಟು ಕಡಿಮೆ. ಗಟ್ಟಿ ಕಫಕ್ಕೆ ಅಂಟಿಕೊಂಡು ಔಷಧ ನಿಷ್ಫಲವಾಗುವುದು ಬೇರೆಯದೇ ತೊಡಕು. ಅದಕ್ಕಾಗಿ ನೇರವಾಗಿ ಶ್ವಾಸಕೋಶಕ್ಕೇ ಕಳಿಸುವ 300 ಮಿಲಿಗ್ರಾಂ ಟೋಬ್ರಾಮೈಸಿನ್‌ಗೆ ಅಮೆರಿಕ 1997ರಲ್ಲಿ ಅನುಮತಿ ನೀಡಿತು.

1989ರಲ್ಲಿ ಮೂಲ ವಂಶವಾಹಿ ಪತ್ತೆಯಾಗಿ, 2012ರಲ್ಲಿ ದೋಷದ ಬೇರಿಗೇ ಕೈಹಾಕುವ ಐವಕಾಫ್ಟರ್ ಎಂಬ ಔಷಧ ಬಂತು. ಪ್ರತಿಜೈವಿಕಗಳ ಲೆಕ್ಕ ಇದರಿಂದ ಇನ್ನಷ್ಟು ಸಿಕ್ಕಾಯಿತು. ಕ್ಲಾರಿತ್ರೊಮೈಸಿನ್ ಐವಕಾಫ್ಟರ್‌ನ ಮಟ್ಟ ಏರಿಸುತ್ತದೆ; ರಿಫಾಂಪಿಸಿನ್ ತೀವ್ರವಾಗಿ ಇಳಿಸುತ್ತದೆ. ಭಾರತದಲ್ಲಿ ಈ ಮಕ್ಕಳ ಬಿಡದ ಕೆಮ್ಮನ್ನು ಕ್ಷಯವೆಂದು ಭಾವಿಸಿ ರಿಫಾಂಪಿಸಿನ್ ಶುರುಮಾಡುವುದುಂಟು. ಐವಕಾಫ್ಟರ್ ಸೇವಿಸುವವರಿಗೆ ಅದನ್ನು ಜೊತೆಗೆ ಕೊಡಬಾರದು.